ಹೆದರಿಸಿದವರ ಕೂದಲು

ಕರೇಕಲ್ಲಹಟ್ಟಿಯ ಪಟಾಲಮ್ಮನಿಗೆ ಅರವತ್ತು ದಾಟಿದ ಮೇಲೆ ಮತ್ತೆ ಮುದ್ದೆ ಕೋಲು ಹಿಡಿಯುವ ಯೋಗ ಬಂತು. ಸೊಸೆ ಗೌರಕ್ಕನ ಬಲಗೈ ಮುರಿದಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತಿದ್ದರು. ಕೇಳಿದವರಿಗೆಲ್ಲ ಪಟಾಲಮ್ಮ, "ಬಾವಿ ಮೆಟ್ಲಲ್ಲಿ ಜಾರುದ್ಲು ಕಣಮ್ಮ" ಎನ್ನುತ್ತಿದ್ದಳು. ಕೇಳಿದವರು, "ಅಯ್ಯೋ ಪಾಪ" ಎನ್ನುತ್ತಿದ್ದರು. ಹಟ್ಟಿಯ ಬಾವಿಗೆ ಮೆಟ್ಟಿಲೇ ಇಲ್ಲವೆಂಬುದು ಹೇಳಿದವಳಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು.

ನಡೆದದ್ದು ಇಷ್ಟು. ಗೌರಕ್ಕನ ಅಣ್ಣ ಕೊಡಿಗೇನಹಳ್ಳಿಯಿಂದ ತಂಗಿಯನ್ನು ನೋಡಲು ಬಂದಿದ್ದ. ಅವನಿಗೂ ಪಟಾಲಮ್ಮನ ಮಗ ಬೋರಣ್ಣನಿಗೂ ಹೋದ ವರ್ಷ ಮಾತಿಗೆ ಮಾತು ಬೆಳೆದು, ಅವನು ಈ ಹೊಸಿಲು ತುಳಿಯಕೂಡದೆಂದು ಬೋರಣ್ಣ ಹೆಂಡತಿಗೆ ಕಟ್ಟಪ್ಪಣೆ ಮಾಡಿದ್ದ. ಬೋರಣ್ಣ ಕುರಿ ಹೊಡೆದುಕೊಂಡು ಹೋದ ಹೊತ್ತು ನೋಡಿ ಅಣ್ಣ ಬಂದ, ಒಂದು ಲೋಟ ಮಜ್ಜಿಗೆ ಕುಡಿದ, ಹೊರಟ. ತಂಗಿ ಬಸ್ಸು ನಿಲ್ಲುವ ಕಡೆಯವರೆಗೆ ಹೋಗಿ ಕಳಿಸಿ ಬಂದಳು. ಸಂಜೆ ಬೋರಣ್ಣ ಏಳು ವರ್ಷದ ಮಗಳು ಸಿದ್ದಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇವತ್ತು ಯಾರವ್ವಾ ಬಂದಿದ್ರು ಮನೆಗೆ?" ಎಂದು ಮುದ್ದಾಗಿ ಕೇಳಿದ. ಮಗು ಸಂತೋಷದಲ್ಲಿ, "ಮಾವ ಬಂದಿದ್ದ! ಕಳ್ಳೆಪುರಿ ತಂದಿದ್ದ. ಅವ್ವ ಬಸ್ ಹತ್ಸಕ್ಕೆ ಹೋಗಿದ್ಲು" ಎಂದಿತು. ಬೋರಣ್ಣ ಮಗಳನ್ನು ಮೆಲ್ಲಗೆ ಕೆಳಗಿಳಿಸಿ, ಮೂಲೆಯಲ್ಲಿದ್ದ ಕುರಿಕೋಲು ಎತ್ತಿಕೊಂಡ. ಪಟಾಲಮ್ಮ ಅಲ್ಲೇ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೇರುತ್ತಲೇ ಇದ್ದಳು.

ಅವತ್ತಿನಿಂದ ಸಿದ್ದಿ ಒಂದು ಮಾತೂ ಆಡಿರಲಿಲ್ಲ.

ಮೊದಲೆರಡು ವಾರ ಮನೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಕೈ ಮುರಿದವಳ ನರಳಾಟದ ನಡುವೆ ಮಗು ಸುಮ್ಮನಿದ್ದರೆ ಒಳ್ಳೆಯದೇ ಆಯಿತೆಂದುಕೊಂಡರು. ಮೂರನೇ ವಾರ ಶಾಲೆಯ ಟೀಚರು ದಾಕ್ಷಾಯಣಮ್ಮ ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಹಟ್ಟಿಗೆ ಬಂದರು.

"ಪಟಾಲಮ್ಮ, ನಿಮ್ಮ ಮೊಮ್ಮಗಳು ಹಾಜರಿ ಕೂಗಿದರೆ 'ಬಂದಿದೀನಿ' ಅನ್ನಲ್ಲ. ಎದ್ದು ನಿಲ್ತಾಳೆ, ಕೂತ್ಕೋತಾಳೆ. ಮಗ್ಗಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿ. ಮನೇಲಿ ಏನಾದ್ರೂ ಆಯ್ತಾ?"

"ಮನೇಲಿ ಏನಾಯ್ತದೆ ಟೀಚರಮ್ಮ? ನಾಯಿ ಮ್ಯಾಲೆ ಬಿದ್ದು ಬೆಚ್ಚೈತೆ ಅಷ್ಟೇಯ."

ಟೀಚರು ಗೌರಕ್ಕನ ಕೈಕಟ್ಟಿನ ಕಡೆ ನೋಡಿದರು. ಗೌರಕ್ಕ ಸೆರಗು ಎಳೆದು ಮುಚ್ಚಿಕೊಂಡಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆದರೂ ಟೀಚರು ಪರಸ್ಥಳದವರು, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರುವವರು. ಶಿರಾದ ಆಸ್ಪತ್ರೆಗೆ ತೋರಿಸಿ ಎಂದು ಹೇಳಿ ಹೋದರು.

ಸಂತೆಯ ದಿನ ಪಟಾಲಮ್ಮ ಮಗುವನ್ನು ಬಸ್ಸಿಗೆ ಹತ್ತಿಸಿಕೊಂಡು ಹೋದಳು. ಡಾಕ್ಟರು ಬಾಯಿ ತೆಗೆಸಿ ಬ್ಯಾಟರಿ ಬಿಟ್ಟು ನೋಡಿ, "ಗಂಟಲಲ್ಲಿ ಏನೂ ತೊಂದರೆ ಇಲ್ಲಮ್ಮ. ಮಗು ಯಾವುದಕ್ಕೋ ಹೆದರಿದೆ. ಹೆದರಿಕೆ ಹೋದರೆ ಮಾತು ಬರುತ್ತೆ" ಎಂದರು. ಹೆದರಿಕೆ ಹೋಗುವ ಮಾತ್ರೆ ಇದೆಯಾ ಎಂದು ಕೇಳಿದರೆ ನಕ್ಕು, ಮುಂದಿನ ಚೀಟಿಯವರನ್ನು ಕರೆದರು. ಪಟಾಲಮ್ಮ ಮಗುವಿನ ಕೈ ಹಿಡಿದು ಸೀದಾ ಅದೇ ಊರಿನ ಅಮೀನಾಬಿಯ ಮನೆಗೆ ನಡೆದಳು.

ಅಮೀನಾಬಿ ಬೀಡಿ ಕಟ್ಟುವ ಹೆಂಗಸು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಬೀಡಿ ಕಟ್ಟುವುದರ ಜೊತೆಗೆ ಬೆಚ್ಚಿದ ಮಕ್ಕಳಿಗೆ ಹೊಗೆ ಹಿಡಿದು, ನಾಲ್ಕು ಮಾತು ಓದಿ, ಹಣೆಯ ಮೇಲೆ ಊದಿ ಕಳಿಸುತ್ತಿದ್ದಳು. ಕಾಸು ಮುಟ್ಟುತ್ತಿರಲಿಲ್ಲ. ಸುತ್ತಲಿನ ಹಟ್ಟಿಗಳಿಗೆಲ್ಲ ಆಕೆಯ ಪದ್ಧತಿ ಗೊತ್ತು: ಮಗುವನ್ನು ಹೆದರಿಸಿದ್ದು ಯಾವುದೋ ಅದರ ಕೂದಲು ತರಬೇಕು. ನಾಯಿಯಾದರೆ ನಾಯಿಯದು, ಎತ್ತಾದರೆ ಬಾಲದ ತುದಿಯದು. ಕೂದಲನ್ನು ಕೆಂಡದ ಮೇಲೆ ಹಾಕಿ ಆ ಹೊಗೆಯನ್ನು ಮಗುವಿಗೆ ಮೂರು ಸುತ್ತು ಇಳಿಸಿದರೆ ಹೆದರಿಕೆ ಬಂದ ದಾರಿಯಲ್ಲೇ ಹೋಗುತ್ತದೆ.

"ಯಾರು ಹೆದ್ರಿಸಿದ್ದು?" ಎಂದು ಅಮೀನಾಬಿ ಕೇಳಿದಳು.

"ನಾಯಿ ಬೀಬಮ್ಮ. ನಮ್ಮ ಕರಿಯ." ಪಟಾಲಮ್ಮ ಸೊಂಟದಿಂದ ಎಲೆಯಡಿಕೆ ಚೀಲ ತೆಗೆದು ಕರಿ ಕೂದಲ ಗಂಟನ್ನು ಬಿಚ್ಚಿದಳು. ಕೇಳುವ ಮೊದಲೇ ತಯಾರಾಗಿ ಬಂದಿದ್ದಳು.

ಹೊಗೆ ಎದ್ದಿತು. ಮನೆಯೆಲ್ಲ ನಾತ. ಸಿದ್ದಿ ಕೆಮ್ಮಿತು, ಕಣ್ಣೀರು ಸುರಿಸಿತು, ಮಾತಾಡಲಿಲ್ಲ. "ಮಾತಾಡು ಮಗಾ, ಅಜ್ಜಿ ಅನ್ನು" ಎಂದು ಪಟಾಲಮ್ಮ ಬೆನ್ನು ತಟ್ಟುತ್ತಿದ್ದಾಗ ಅಮೀನಾಬಿ ಗದರಿಕೊಂಡಳು. "ಅರೆ, ಬಿಡಮ್ಮ! ಮಾತಾಡು ಮಾತಾಡು ಅಂತ ಬೆನ್ ಹತ್ಬೇಡ. ಬಾ ಬೇಟಿ, ಇಲ್ಲಿ ಕೂತ್ಕೋ." ಬೀಡಿ ಕಟ್ಟುಗಳಿಗೆ ಅಂಟಿಸುವ ಲೇಬಲ್ಲುಗಳನ್ನೂ ಗಂಜಿ ಬಟ್ಟಲನ್ನೂ ಮಗುವಿನ ಮುಂದಿಟ್ಟಳು. ಸಿದ್ದಿ ಒಂದೊಂದೇ ಅಂಟಿಸಿತು. ಅಮೀನಾಬಿ ಏನನ್ನೂ ಕೇಳಲಿಲ್ಲ, ಹೊಗಳಲೂ ಇಲ್ಲ. ತನ್ನ ಮೊರದಲ್ಲಿ ತಾನು ಬೀಡಿ ಸುತ್ತುತ್ತ ಕೂತಳು. ಬಸ್ಸಿನ ಹೊತ್ತಾಗುವ ತನಕ ಹುಡುಗಿ ಅಲ್ಲಿಂದ ಏಳಲಿಲ್ಲ.

"ಮುಂದಿನ ಸಂತೆಗೂ ಕರ್ಕೊಂಡ್ ಬಾ" ಎಂದಳು ಅಮೀನಾಬಿ.

ಹಟ್ಟಿಯಲ್ಲಿ ಬಸ್ಸಿಳಿದು ಮನೆ ಮುಟ್ಟುತ್ತಲೇ ಕರಿಯ ಬಾಲ ಅಲ್ಲಾಡಿಸುತ್ತ ಓಡಿ ಬಂದ. ಸಿದ್ದಿ ಅವನ ಕುತ್ತಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು, ಬೆನ್ನ ಮೇಲೆ ಕೂದಲು ಕತ್ತರಿಸಿದ್ದ ಜಾಗವನ್ನು ಸವರುತ್ತ ನಿಂತುಬಿಟ್ಟಿತು. ಬಾಗಿಲಲ್ಲಿ ಕೂತಿದ್ದ ಗೌರಕ್ಕ ಅದನ್ನು ನೋಡಿದಳು.

"ಅತ್ಯಮ್ಮ, ಬೀಬಮ್ಮಂಗೆ ಏನಂತ ಹೇಳುದ್ರಿ?"

"ನಾಯಿ ಅಂತ."

"ನಾಯಿ ಏನ್ ಮಾಡಿತ್ತು ಪಾಪ?"

"ಇನ್ನೇನ್ ಹೇಳ್ಲೇ ನಾನು? ಸಂತೆ ಮಧ್ಯ ನಿಂತ್ಕಂಡು ನನ್ ಮಗ ಇಂಗೆ ಅಂತ ಡಂಗೂರ ಹೊಡೀಲಾ? ಗಂಡ ಹೆಂಡ್ರ ಜಗಳ ಉಂಡು ಮಲಗೋ ಗಂಟ ಅಂತಾರೆ."

"ಉಂಡು ಮಲಗಿದ್ದಾಯ್ತು ಅತ್ಯಮ್ಮ, ಒಂದ್ ತಿಂಗ್ಳಿಂದ. ಕೈ ಕೂಡ್ಲಿಲ್ಲ, ಕೂಸು ಮಾತಾಡ್ಲಿಲ್ಲ." ಗೌರಕ್ಕ ಎಡಗೈಯಲ್ಲೇ ಸೊಪ್ಪು ಬಿಡಿಸುತ್ತಿದ್ದವಳು ಎದ್ದು ನಿಂತಳು. "ಈ ದಬ್ಬೆ ಬಿಚ್ಚಿದ್ ದಿನ ಸಿದ್ದೀನೂ ಅವಳ ತಮ್ಮನ್ನೂ ಕರ್ಕಂಡು ಕೊಡಿಗೇನಳ್ಳಿಗೆ ಹೋಯ್ತೀನಿ. ನೀವೂ ನಿಮ್ಮ ಮಗನೂ ಉಂಡು ಮಲೀಕಳಿ."

ಪಟಾಲಮ್ಮನಿಗೆ ಇದು ಬೇರೆಯೇ ಹೆದರಿಕೆ. ಮಾತು ಬಾರದಿದ್ದರೂ ಕಣ್ಣೆದುರಿಗೆ ಇರುವ ಮೊಮ್ಮಗಳು ಬೇರೆ, ಕಣ್ಣಿಗೇ ಬೀಳದ ಮೊಮ್ಮಗಳು ಬೇರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ನಿಜವೇ. ಬೋರಣ್ಣ ಕೆಟ್ಟವನೆಂದು ಅವಳಿಗೆ ಅನ್ನಿಸಿರಲೇ ಇಲ್ಲ. ದುಡಿಯುತ್ತಿದ್ದ. ಕುಡಿದರೂ ಮನೆಗೆ ಬರುತ್ತಿದ್ದ. ಮಗಳು ಮೂಕಿಯಾದ ಮೇಲೆ ರಿಬ್ಬನ್ನು, ಬಳೆ, ಬೆಂಡು ಬತ್ತಾಸು ಎಲ್ಲ ತಂದು ಸುರಿದಿದ್ದ. ಸಿದ್ದಿ ಒಂದನ್ನೂ ಮುಟ್ಟದಿದ್ದಾಗ, "ಇದೇನವ್ವಾ ಇದು, ಅಪ್ಪನ ಮ್ಯಾಲೂ ಮುನಿಸಾ?" ಎಂದು ತನಗೇನೂ ತಿಳಿಯದವನಂತೆ ಕೇಳಿದ್ದ.

ಮುಂದಿನ ಸಂತೆಗೆ ಪಟಾಲಮ್ಮ ಟಗರಿನ ತುಪ್ಪಟ ಒಯ್ದಳು. "ನಾಯಿ ಅಲ್ಲ ಬೀಬಮ್ಮ, ಟಗರು ಗುಮ್ಮಕ್ಕೆ ಬಂದಿತ್ತಂತೆ."

ಅಮೀನಾಬಿ ತುಪ್ಪಟವನ್ನು ಬೆರಳಲ್ಲಿ ಹೊಸೆದು ನೋಡಿದಳು. "ಈ ವಾರ ಟಗರು. ಮುಂದಿನ ವಾರ ಬೆಕ್ಕು. ಆಮೇಲೆ ಕತ್ತೆ. ನಿಮ್ಮ ಹಟ್ಟೀಲಿ ಇನ್ನು ಯಾವ ಪ್ರಾಣಿ ಉಳೀತು ಪಟಾಲಮ್ಮ?"

"ಅಂಗಂದ್ರೆ?"

"ಹಂಗಂದ್ರೆ ಹಂಗೆ. ಝೂಟ್ ಹೇಳಿದ್ರೆ ಬರೀ ನಾತ ಬರ್ತದೆ, ಮಾತ್ ಬರಲ್ಲ. ಮುಂದಿನ ಸಲ ನಿಜ ತಗೊಂಡ್ ಬಾ. ಇಲ್ಲಾಂದ್ರೆ ನೀನು ಬರ್ಬೇಡ, ಹುಡುಗೀನ ಮಾತ್ರ ಕಳ್ಸು. ಲೇಬಲ್ ಚೆನ್ನಾಗ್ ಅಂಟಿಸ್ತಾಳೆ."

ಪಟಾಲಮ್ಮನಿಗೆ ಸಿಟ್ಟು ಬಂತು. ಬೀಡಿ ಕಟ್ಟುವವಳಿಗೆ ಇಷ್ಟು ಗರ್ವವೇ ಎಂದುಕೊಂಡಳು. ದಾರಿಯುದ್ದಕ್ಕೂ ಬೈದುಕೊಳ್ಳುತ್ತಲೇ ಬಂದಳು. ಆದರೆ ಅದೇ ವಾರ ಮನೆಯಲ್ಲಿ ಇನ್ನೊಂದು ನಡೆಯಿತು.

ಸಿದ್ದಿಯ ತಮ್ಮನಿಗೆ ನಾಲ್ಕು ವರ್ಷ. ತಾತನ ಹೆಸರು ನರಸಪ್ಪ ಎಂದೇ ಇಟ್ಟಿದ್ದರಿಂದ ಪಟಾಲಮ್ಮ ಗಂಡನ ಹೆಸರು ಹೇಳಲಾಗದೆ ಮೊಮ್ಮಗನನ್ನು "ಯಜಮಾನ" ಎಂದೇ ಕರೆಯುತ್ತಿದ್ದಳು. ಅವತ್ತು ಎಲ್ಲರೂ ಉಣ್ಣಲು ಕೂತಿದ್ದರು. ಹುರುಳಿ ಸಾರು, ಮುದ್ದೆ. ಪಟಾಲಮ್ಮನ ಕೈಯಲ್ಲಿ ಮುದ್ದೆ ಗಂಟು ಗಂಟಾಗಿತ್ತು. ಬೋರಣ್ಣ ಒಂದು ತುತ್ತು ನುಂಗಿ ಮುಖ ಸಿಂಡರಿಸಿದ. ಅಷ್ಟರಲ್ಲಿ ಯಜಮಾನ ತನ್ನ ತಟ್ಟೆಯನ್ನು ಒದ್ದು, ಸೌದೆಯ ರಾಶಿಯಿಂದ ಒಂದು ಪುಳ್ಳೆ ಎಳೆದುಕೊಂಡು ಅವ್ವನ ಮುಂದೆ ಹೋಗಿ ನಿಂತ.

"ಯಾವನ್ಲೇ ಬಂದಿದ್ದ? ಬೊಗಳೇ!" ಎಂದು ಕೂಗಿ, ಗೌರಕ್ಕನ ಕೈಕಟ್ಟಿನ ಮೇಲೇ ಬಾರಿಸಿದ.

ಗೌರಕ್ಕ "ಅಯ್ಯಪ್ಪಾ" ಎಂದು ಮುದುರಿಕೊಂಡಳು. ಬೋರಣ್ಣ ಗೊಳ್ಳನೆ ನಕ್ಕ. "ಭಲೆ! ಅಪ್ಪನ ಮಗ ಕಣ್ಲಾ ನೀನು!"

ಸಿದ್ದಿ ತಟ್ಟೆ ಬಿಟ್ಟು ಎದ್ದು ಹೋಗಿ ರಾಗಿ ಗುಡಾಣದ ಹಿಂದೆ ತೂರಿಕೊಂಡಿತು. ಪಟಾಲಮ್ಮ ಅಲ್ಲಿಗೆ ಹೋಗಿ ಬಗ್ಗಿ ನೋಡಿದಳು. ಮೊಣಕಾಲು ಗದ್ದಕ್ಕೆ ತಾಗಿಸಿ, ಕಿವಿ ಮುಚ್ಚಿಕೊಂಡು ಕೂತಿತ್ತು. ಅದೇ ಗುಡಾಣ, ಅದೇ ಸಂದು. ಮೂವತ್ತು ವರ್ಷದ ಹಿಂದೆ ಅಲ್ಲಿ ಹೀಗೇ ಕೂರುತ್ತಿದ್ದವನು ಬೋರಣ್ಣ. ಅವನಪ್ಪ ಕೋಲು ಎತ್ತಿದಾಗಲೆಲ್ಲ ಅಲ್ಲಿ ಸೇರಿಕೊಳ್ಳುತ್ತಿದ್ದ, ಹೊರಗೆಳೆದರೆ ಚಡ್ಡಿ ಒದ್ದೆಯಾಗಿರುತ್ತಿತ್ತು. ಆಗಲೂ ಪಟಾಲಮ್ಮ ಊರಿಗೆಲ್ಲ, ಹಸು ಹಾಯಕ್ಕೆ ಬಂದು ಬೆಚ್ಚವ್ನೆ ಎಂದೇ ಹೇಳಿದ್ದಳು. ತನ್ನ ಬಾಯಿಯಿಂದ ಹೊರಟ ಸುಳ್ಳುಗಳೆಲ್ಲ ಆ ಸಂದಿನಲ್ಲಿ ಒಟ್ಟಿಗೆ ಕೂತಿವೆ ಎನ್ನಿಸಿ ಅವಳಿಗೆ ನಾಚಿಕೆಯಾಯಿತು.

ಆ ಸಂತೆಗೆ ಅವಳು ಬರಿಗೈಯಲ್ಲಿ ಹೋದಳು. ಸಿದ್ದಿಯನ್ನು ಹಿತ್ತಲಲ್ಲಿ ಲೇಬಲ್ಲಿನ ಮುಂದೆ ಕೂರಿಸಿ, ಅಮೀನಾಬಿಯ ಎದುರು ಕಾಲು ಚಾಚಿ ಕೂತು, ಎಲ್ಲವನ್ನೂ ಹೇಳಿದಳು. ಮಗು ಹೇಳಿದ್ದು, ಮಗ ಹೊಡೆದದ್ದು.

"ತೌಬಾ" ಎಂದಳು ಅಮೀನಾಬಿ. ಸ್ವಲ್ಪ ಹೊತ್ತು ಬೀಡಿ ಎಲೆ ಕತ್ತರಿಸಿದಳು. "ಹುಡುಗಿ ಮಾತಾಡಿದ್ದಕ್ಕೇ ಅಮ್ಮನ ಕೈ ಮುರೀತು. ಇನ್ಯಾಕೆ ಮಾತಾಡ್ತಾಳೆ? ನೀನಾದ್ರೆ ಆಡ್ತಿದ್ಯಾ?"

ಪಟಾಲಮ್ಮ ಇದನ್ನು ಯೋಚಿಸಿಯೇ ಇರಲಿಲ್ಲ. ಮಗು ಕೋಲಿಗೆ ಹೆದರಿದೆ ಎಂದುಕೊಂಡಿದ್ದಳು. ತನ್ನ ಮಾತಿಗೆ ತಾನೇ ಹೆದರಿದೆ ಎಂದು ಈಗ ತಿಳಿದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಆಗ ನೀನ್ ಎಲ್ಲಿದ್ದೆ?"

"ಅಲ್ಲೇ. ರಾಗಿ ಕೇರ್ತಿದ್ದೆ."

ಅಮೀನಾಬಿ ಎಲೆ ಕತ್ತರಿಸುವುದನ್ನು ಬಿಟ್ಟಳು. "ನಿನ್ನ ಮಗನ ಕೂದ್ಲು ಬೇಕು. ನಿದ್ದೇಲಿ ಕತ್ತರಿಸ್ಕೊಂಡ್ ಬಂದ್ರೆ ನಡೆಯಲ್ಲ. ಹುಡುಗಿ ಎದುರಿಗೆ ಕೇಳ್ಬೇಕು, ಅವನೇ ಕೈಯಾರೆ ಕೊಡ್ಬೇಕು. ನಾನೇ ಹೆದ್ರಿಸ್ದೆ ಅಂತ ಬಾಯಿ ಬಿಟ್ಟು ಹೇಳ್ಬೇಕು."

"ಕೊಡ್ದಿದ್ರೆ?"

"ಕೊಡ್ದಿದ್ರೆ ಕೊಡ್ಲಿಲ್ಲ ಅನ್ನೋದಾದ್ರೂ ಮಗೂಗೆ ಗೊತ್ತಾಗ್ಲಿ. ಈಗ ಅದು ತಪ್ಪು ತನ್ನದೇ ಅಂತ ತಿಳ್ಕೊಂಡಿದೆ."

ಮಾರನೆಯ ದಿನ ಕುರಿಗಳಿಗೆ ತುಪ್ಪಟ ಕತ್ತರಿಸುವ ಕೆಲಸವಿತ್ತು. ಬೋರಣ್ಣ ಬೆಳಗಿನಿಂದ ಬಗ್ಗಿ ಕತ್ತರಿಸಿ ಸುಸ್ತಾಗಿ ಮಧ್ಯಾಹ್ನ ಒಳಗೆ ಬಂದು ಕೂತ. ಪಟಾಲಮ್ಮ ತಟ್ಟೆ ಇಟ್ಟಳು, ಅವರೆಕಾಳು ಸಾರು ಬಿಟ್ಟಳು, ಮುದ್ದೆ ಹಾಕಲಿಲ್ಲ. ಗೌರಕ್ಕ ಒಲೆಯ ಹತ್ತಿರ, ಮಕ್ಕಳಿಬ್ಬರೂ ಗೋಡೆಯ ಹತ್ತಿರ ಇದ್ದರು. ಪಟಾಲಮ್ಮ ಅವನು ಬಾಗಿಲಲ್ಲಿ ಇಟ್ಟಿದ್ದ ಕತ್ತರಿಯನ್ನೇ ಎತ್ತಿಕೊಂಡು ಬಂದು ಅವನ ಎದುರು ನಿಂತಳು.

"ಬೋರಾ, ಒಂದ್ ಚೂರು ತಲೆ ಬಗ್ಸು. ಕೂದ್ಲು ಬೇಕು."

"ಯಾತಕ್ಕವ್ವ?"

"ಸಿದ್ದಿಗೆ ಹೊಗೆ ಹಿಡಿಯಕ್ಕೆ. ಹೆದ್ರಿಸಿದೋರ ಕೂದ್ಲು ಕೇಳವ್ಳೆ ಬೀಬಮ್ಮ."

ಬೋರಣ್ಣನ ಕೈ ತಟ್ಟೆಯ ಮೇಲೇ ನಿಂತಿತು. "ನನ್ನ ತಲೆ ಕೂದ್ಲಾ? ನಾನೇನ್ ನಾಯಾ?"

"ನಾಯಿ ಕೊಡ್ತು ಕಣ್ಲಾ. ಅದು ಏನೂ ಮಾಡ್ದೇನೇ ಕೊಡ್ತು. ಟಗರೂ ಕೊಡ್ತು. ನೀನು ಮಾಡ್ದೋನು, ನೀನು ಕೊಡು. 'ಅವ್ವಾ ಸಿದ್ದಿ, ನಾನು ಹೆದ್ರಿಸ್ದೆ, ನಿಂದೇನೂ ತಪ್ಪಿಲ್ಲ' ಅಂತ ಒಂದ್ ಮಾತು ಅನ್ನು. ನಿನ್ನ ಗಂಟೇನೂ ಹೋಗಕ್ಕಿಲ್ಲ."

"ಇವಳು ಹೇಳ್ಕೊಟ್ಟವ್ಳೆ!" ಬೋರಣ್ಣ ಹೆಂಡತಿಯ ಕಡೆ ಬೆರಳು ಮಾಡಿದ. "ಅಣ್ಣನ್ನ ಕರ್ಸಿ ಮಜ್ಜಿಗೆ ಕುಡ್ಸೋದು, ಈಗ ಮುದುಕೀನ ಛೂ ಬುಡೋದು!"

"ಅವಳು ಬಾಯಿ ಬುಟ್ಟಿಲ್ಲ. ಕೇಳ್ತಿರೋಳು ನಾನು. ನಿನ್ನೂ ಆ ಗುಡಾಣದ್ ಹಿಂದಿಂದ ಎಳೆದೋಳು ನಾನೇ ಕಣ್ಲಾ. ಮರ್ತ್ಯಾ? ಹತ್ತು ವರ್ಸ ಆಗೋ ಗಂಟ ಹಾಸಿಗೇಲಿ ಉಚ್ಚೆ ಉಯ್ಕತಿದ್ದೆ. ಯಾರಿಗೆ ಹೆದರ್ಕಂಡು ಉಯ್ತಿದ್ದೆ, ಹಸೂಗಾ?"

ಇದನ್ನು ಹೆಂಡತಿ ಮಕ್ಕಳ ಮುಂದೆ ಹೇಳಬಾರದಿತ್ತೇನೋ. ಬೋರಣ್ಣನ ಮುಖ ಕಪ್ಪಿಟ್ಟಿತು. ತಟ್ಟೆಯನ್ನು ಎತ್ತಿ ಗೋಡೆಗೆ ಬೀಸಿದ. ಸಾರು ಗೋಡೆಯ ಮೇಲೆಲ್ಲ ಹರಿಯಿತು. ಎದ್ದವನು ಗೌರಕ್ಕನ ಕಡೆ ಎರಡು ಹೆಜ್ಜೆ ಇಟ್ಟ. ಈ ಸಲ ಪಟಾಲಮ್ಮ ನಡುವೆ ಬಂದಳು. ಕತ್ತರಿ ಕೈಯಲ್ಲೇ ಇತ್ತು. ಅದನ್ನು ಎತ್ತಲಿಲ್ಲ, ಕೆಳಗೂ ಇಡಲಿಲ್ಲ.

"ಹೊಡಿ. ನಂಗೆ ಹೊಡ್ದು ಆಮೇಲೆ ಅವಳಿಗೆ ಹೊಡಿ. ನಿಮ್ಮಪ್ಪನ ಏಟು ತಿಂದಿರೋ ಮೈ ಇದು."

ಬೋರಣ್ಣ ತಾಯಿಯ ಮುಖ ನೋಡಿದ, ಕತ್ತರಿ ನೋಡಿದ. "ನಾ ಬರೋವೊತ್ಗೆ ಇವಳು ಈ ಮನೇಲಿ ಇರಬಾರ್ದು. ಇದ್ರೆ ಇನ್ನೊಂದ್ ಕೈನೂ ಉಳಿಯಕ್ಕಿಲ್ಲ" ಎಂದು ಹೇಳಿ, ಚಪ್ಪಲಿ ಮೆಟ್ಟಿ ಸಾರಾಯಿ ಅಂಗಡಿಯ ದಾರಿ ಹಿಡಿದ.

ಪಟಾಲಮ್ಮ ಗೋಡೆ ಒರೆಸಿದಳು. ನೆಲ ಸಾರಿಸಿದಳು. ಆಮೇಲೆ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು, ತನ್ನ ತುರುಬು ಬಿಚ್ಚಿ, ನರೆತ ಕೂದಲ ಒಂದು ಹಿಡಿಯನ್ನು ಅದೇ ಕತ್ತರಿಯಿಂದ ಕತ್ತರಿಸಿಕೊಂಡಳು. ಗೌರಕ್ಕ ಬೆಚ್ಚಿ, "ಅತ್ಯಮ್ಮ!" ಎಂದಳು.

"ನಂದೂ ಐತೆ ಇದ್ರಾಗೆ" ಎಂದಳು ಪಟಾಲಮ್ಮ. ಕೆಂಡದ ಮೇಲೆ ಕೂದಲು ಚುರುಗುಟ್ಟಿತು. ಹೊಗೆಯನ್ನು ಮಗುವಿನ ತಲೆಗೆ ಸುತ್ತುತ್ತ, ಅಮೀನಾಬಿಯ ಮಂತ್ರ ಗೊತ್ತಿಲ್ಲದ್ದರಿಂದ ತನಗೆ ಬಂದದ್ದನ್ನೇ ಹೇಳಿದಳು. "ನೀ ಮಾತಾಡಿದ್ದು ತಪ್ಪಲ್ಲ ಮಗಾ. ಅಪ್ಪ ಕೇಳ್ದ, ನೀನು ಇದ್ದಿದ್ದು ಹೇಳ್ದೆ. ಹೊಡ್ದೋನು ತಪ್ಪು. ನೋಡ್ಕಂಡು ಕುಂತಿದ್ ನಾನು ತಪ್ಪು. ನಿಮ್ಮವ್ವನ ಕೈ ಮುರ್ದಿದ್ದು ನಿನ್ನಿಂದಲ್ಲ ಕಣವ್ವ. ನಿನ್ನಿಂದಲ್ಲ."

ಗೌರಕ್ಕ ಎಡಗೈಯಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಸಿದ್ದಿ ಅಜ್ಜಿಯ ಮುಖವನ್ನೂ ಮೊಂಡಾದ ಕೂದಲನ್ನೂ ದಿಟ್ಟಿಸಿ ನೋಡಿತು. ಮಾತಾಡಲಿಲ್ಲ. ಪಟಾಲಮ್ಮ ಹಂಚಿನ ಕೆಂಡವನ್ನು ಹಿತ್ತಲಿಗೆ ಸುರಿದು ಬಂದು, ದೀಪ ಹಚ್ಚಿ, ಮತ್ತೆ ಮುದ್ದೆಗೆ ನೀರಿಟ್ಟಳು. ಮಾಡುವುದೆಲ್ಲ ಮಾಡಿಯಾಗಿತ್ತು.

ಮುದ್ದೆ ತಟ್ಟೆಗೆ ಬೀಳುವ ಹೊತ್ತಿಗೆ ಅಂಗಳದಾಚೆ ಚಪ್ಪಲಿಯ ಸದ್ದು ಕೇಳಿಸಿತು. ಎಳೆದು ಎಳೆದು ಹಾಕುವ ಹೆಜ್ಜೆ. ಗೌರಕ್ಕ ಗೋಡೆಗೆ ಒತ್ತಿಕೊಂಡಳು. ಯಜಮಾನ ಅಜ್ಜಿಯ ಸೀರೆ ಹಿಡಿದುಕೊಂಡ.

"ಅಜ್ಜಿ, ಬಾಗ್ಲಾಕು."

ಒಡೆದ ಸಣ್ಣ ದನಿ. ಯಾರು ಮಾತಾಡಿದ್ದೆಂದು ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ. ಸಿದ್ದಿ ಎದ್ದು ನಿಂತಿತ್ತು.

"ಅಜ್ಜಿ, ಅಪ್ಪ ಬತ್ತವ್ನೆ. ಬಾಗ್ಲಾಕು."

ಒಂದೂವರೆ ತಿಂಗಳು ಪಟಾಲಮ್ಮ ಈ ಗಂಟಲಿಗಾಗಿ ಸಿದ್ದರಬೆಟ್ಟಕ್ಕೆ ಹರಕೆ ಹೊತ್ತಿದ್ದಳು, ಆಸ್ಪತ್ರೆ ಸುತ್ತಿದ್ದಳು. ಮಾತು ಬಂದರೆ ಹಟ್ಟಿಗೆಲ್ಲ ಸಕ್ಕರೆ ಹಂಚುತ್ತೇನೆ ಎಂದಿದ್ದಳು. ಬಂದ ಮೊದಲ ಮಾತು ಇದು. ಬಾಗಿಲಾಚೆ ಬರುತ್ತಿದ್ದವನು ಅವಳು ಹೆತ್ತ ಒಬ್ಬನೇ ಮಗ. ಮುದುಕಿ ಮಂಡಿ ಹಿಡಿದುಕೊಂಡು ಎದ್ದಳು, ಬಾಗಿಲು ಮುಚ್ಚಿದಳು, ಅಗುಳಿ ಜಡಿದಳು.

ಬಾಗಿಲು ದಡದಡ ಎಂದಿತು. "ಯಾವಳವಳು ಬಾಗ್ಲಾಕಿದ್ದು? ತಗೀರೇ!"

"ನಾನೇ ಕಣ್ಲಾ."

"ಅವ್ವಾ, ತಗಿ."

"ತಗಿಯಕ್ಕಿಲ್ಲ. ರೊಪ್ಪದಾಗೆ ಕಂಬ್ಳಿ ಐತೆ, ಅಲ್ಲೇ ಮಲೀಕ. ಬೆಳಿಗ್ಗೆ ಕುಡಿದಿದ್ದು ಇಳಿದ ಮ್ಯಾಲೆ ಬಾ, ಮಗಳ ಮುಂದೆ ಕುಂತ್ಕಂಡು ಹೇಳೋದು ಹೇಳು. ಆಗ ತಗೀತೀನಿ."

ಮತ್ತೆ ದನಿ ಬಂದಾಗ ಅದು ಕುಗ್ಗಿತ್ತು. "ನಾನು ನಿನ್ನ ಮಗ ಕಣವ್ವ."

"ಗೊತ್ತು ಕಣ್ಲಾ. ಅದ್ಕೇ ಇಷ್ಟು ದಿನ ತಗುದಿಟ್ಟಿದ್ದೆ."

ಚಪ್ಪಲಿಯ ಸದ್ದು ಕುರಿ ರೊಪ್ಪದ ಕಡೆಗೆ ಹೋಯಿತು. ಪಟಾಲಮ್ಮ ಬಾಗಿಲಿಗೆ ಬೆನ್ನು ಕೊಟ್ಟು ಅಲ್ಲೇ ಕುಸಿದು ಕೂತಳು. ಸಿದ್ದಿ ಬಂದು ಅವಳ ಪಕ್ಕದಲ್ಲಿ ಕೂತು, ಬಾಗಿಲ ಸಂದಿನಿಂದ ಹೊರಗೆ ನೋಡಿತು.

"ಅಜ್ಜಿ, ಅಪ್ಪ ಉಂಡಿಲ್ಲ."

ಅಷ್ಟು ಹೊತ್ತು ತಡೆದುಕೊಂಡಿದ್ದ ಮುದುಕಿಗೆ ಆಗ ಅಳು ಬಂತು. ಮೊಮ್ಮಗಳನ್ನು ಮಡಿಲಿಗೆ ಎಳೆದುಕೊಂಡಳು. "ಉಂಡಿಲ್ಲ ಕಣವ್ವ. ಒಂದೊತ್ತು ಉಣದಿದ್ರೆ ಯಾರೂ ಸಾಯಕ್ಕಿಲ್ಲ. ನೀನು ಉಣ್ಣು ಬಾ."

ಗೌರಕ್ಕ ಎಡಗೈಯಲ್ಲಿ ಸಾರು ಬಿಟ್ಟಳು. ಸಿದ್ದಿ ಮುದ್ದೆ ಮುರಿದು ನುಂಗಿ, ಇನ್ನೊಂದು ಚೂರು ಸಾರು ಬೇಕೆಂದು ಬಾಯಿಬಿಟ್ಟು ಕೇಳಿತು.